ಬಿಡುವು ಯಾರಿಗೆ?

ದಶಾಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆಯನ್ನು (ಕೆಲವು ಸಭೆಗಳ ಎಣಿಕೆಯಲ್ಲಿ ಅದು ಮೂರನೆಯದು, ಉಳಿದವುಗಳಲ್ಲಿ ನಾಲ್ಕನೆಯದು) ಕ್ರೈಸ್ತನು ಬಹುಮಟ್ಟಿಗೆ ಆರಾಧನೆಯ ವಿಧಿಯೆಂದೇ ತಿಳಿಯುವನು. ದೇವಾಲಯಕ್ಕೆ ಹೋಗಿಬಂದರೆ ಆಜ್ಞೆ ತೀರಿತು! ಆದರೆ ಮೂಲದಲ್ಲಿ ಈ ವಿಧಿಗೆ ಎರಡು ಕಾರಣಗಳು ಹೇಳಲ್ಪಟ್ಟಿವೆ. ವಿಮೋಚನಕಾಂಡದ 20ನೆಯ ಅಧ್ಯಾಯವು ಸೃಷ್ಟಿಯ ಏಳನೆಯ ದಿನವನ್ನು ನೆನಪಿಸುವುದು; ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವಾದರೋ ಐಗುಪ್ತದ ದಾಸ್ಯವನ್ನು. ಬಿಟ್ಟಿದುಡಿತದ ಬೇಗೆಯನ್ನುಂಡವನು ತನ್ನ ದಾಸದಾಸಿಯರಿಗೂ, ಎತ್ತು ಕತ್ತೆಗಳಿಗೂ, ಮನೆಯಲ್ಲಿರುವ ಪರದೇಶಿಗೂ ಬಿಡುವು ಕೊಡಬೇಕೆಂಬುದೇ ಅಲ್ಲಿನ ತಾತ್ಪರ್ಯ. ಹಸಿದ ಶಿಷ್ಯರು ಆ ದಿನ ತೆನೆ ಕಿತ್ತಾಗ ಯೇಸು ಅವರ ಪಕ್ಷವನ್ನೇ ವಹಿಸಿದುದೂ ಇದಕ್ಕೆ ಒಪ್ಪುವುದು.

ಕ್ರಿ. ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಆದಿತ್ಯವಾರದ ಬಿಡುವನ್ನು ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ವಿಧಿಸಿದನು. ಬೇಸಾಯದ ಕಾಲ ತಪ್ಪಬಾರದೆಂದು ಹೊಲದವರಿಗೆ ಮಾತ್ರ ಕೆಲಸಮಾಡಲು ಅನುಮತಿಯಿತ್ತನು. ಅನುಮತಿಯೇನೋ ದೊರೆಯಿತು, ಬಿಡುವು ದೊರೆಯಲಿಲ್ಲ.

ಇಂದಿಗೂ ಆರಾಧನೆ ಮುಗಿಸಿ ಬರುವವನ ಊಟಕ್ಕಾಗಿ ಅಡಿಗೆಯವಳು ಬೆಳಗಿನಿಂದ ಒಲೆಯ ಮುಂದೆ ಬೇಯುತ್ತಿದ್ದರೆ, ಆ ಮನೆಯಲ್ಲಿ ಆಜ್ಞೆಯನ್ನು ಪಾಲಿಸಿದವರಾರು? ಆಕೆಗೆ ಬೇರೊಂದು ದಿನ ಬಿಡುವುಂಟೆಂದು ಯಜಮಾನನು ಹೇಳಬಹುದು. ಆ ದಿನದ ಕೂಲಿಯೂ ಉಂಟೇ ಎಂಬುದನ್ನೂ ಅವನೇ ಹೇಳಲಿ.