ಪರರ ಮಾತಿನ ತಾತ್ಪರ್ಯ

ಅಮೆರಿಕದ ವೈದ್ಯಕೀಯ ಕಾಲೇಜುಗಳನ್ನು ಸೇರಬಯಸುವವರು ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲಿ, ವಿಜ್ಞಾನ ವಿಷಯಗಳ ನಡುವೆ, ಓದಿ ಗ್ರಹಿಸುವ ಶಕ್ತಿಯನ್ನೇ ಅಳೆಯುವ ಭಾಗವೊಂದುಂಟು: ತತ್ತ್ವಶಾಸ್ತ್ರ, ಕಲೆ, ಇತಿಹಾಸಾದಿಗಳಿಂದ ಆಯ್ದ 9 ಗದ್ಯಭಾಗಗಳು, 53 ಪ್ರಶ್ನೆಗಳು, 90 ನಿಮಿಷಗಳು. ಉತ್ತರಕ್ಕೆ ಬೇಕಾದುದೆಲ್ಲವೂ ಗದ್ಯದಲ್ಲಿಯೇ ಇರುವುದರಿಂದ ಹೊರಗಿನ ಪಾಂಡಿತ್ಯವು ಅಲ್ಲಿ ಅನಾವಶ್ಯಕವಷ್ಟೇ ಅಲ್ಲ, ಅನೇಕ ವೇಳೆ ವಿಘ್ನಕಾರಿಯೂ ಹೌದು. ವಿಜ್ಞಾನನಿಪುಣರೂ ಇಲ್ಲಿ ಎಡವುವುದು, ಲೇಖಕನು ಹೇಳಿದುದನ್ನು ಬಿಟ್ಟು ತಮಗೆ ಸತ್ಯವೆಂದು ತೋರಿದುದನ್ನು ಆರಿಸಿಕೊಳ್ಳುವುದರಿಂದ.

ಅನ್ಯರ ಅಭಿಪ್ರಾಯವನ್ನು, ನಮ್ಮದನ್ನು ಬೆರೆಸದೆ, ಅರಿಯಲಾದೀತೆ? ವೇದವಾಕ್ಯಗಳ ಮುಂದೆ ಕುಳಿತ ನಮ್ಮ ಪ್ರಾಚೀನರಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿದ್ದಿತು. ಉಪಕ್ರಮೋಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿಂದ, ಅಂದರೆ ಕುರುಹುಗಳಿಂದ, ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ಅವರು ವಿಧಿಸಿದರು. ಮೊದಲೂ ಕೊನೆಯೂ ಎಲ್ಲಿ ಕೂಡುತ್ತವೆ, ಯಾವುದು ಮರಳಿ ಮರಳಿ ಬರುತ್ತದೆ, ಯಾವುದು ಬರಿಯ ಸ್ತುತಿನಿಂದೆ, ಯಾವುದಕ್ಕೆ ಯುಕ್ತಿಯ ಬಲವಿದೆ ಎಂದು ವಿಚಾರಿಸುವ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ಸಾಧನವನ್ನು ನಾನು ಕಾಣೆ.

ಲೇಖಕನು ಖಂಡಿಸಲೆಂದೇ ಉದ್ಧರಿಸಿದ ಪೂರ್ವಪಕ್ಷವನ್ನು ಅವನ ಸಿದ್ಧಾಂತವೆಂದು ಭ್ರಮಿಸುವುದು ಸಾಮಾನ್ಯ ದೋಷ. ಗದ್ಯದಲ್ಲಿ 'ಕೆಲವರು' ಎಂದಿರುವಲ್ಲಿ 'ಎಲ್ಲರೂ' ಎನ್ನುವ ಆಯ್ಕೆಗೆ ಒಲಿಯುವುದು ಇನ್ನೊಂದು. ಆಯ್ಕೆಗಳನ್ನು ನೋಡುವ ಮೊದಲೇ ಲೇಖಕನ ನಿಲುವನ್ನು ಒಂದು ವಾಕ್ಯದಲ್ಲಿ ಬರೆದು, ಬಳಿಕ ತಪ್ಪಿದ ಪ್ರತಿಯೊಂದು ಉತ್ತರಕ್ಕೂ ಗದ್ಯದೊಳಗಿನ ಆಧಾರವಾಕ್ಯವನ್ನು ಬೆರಳಿಟ್ಟು ತೋರಿಸಿಕೊಳ್ಳಬೇಕು. ತನಗೆ ಒಪ್ಪಿಗೆಯಾಗದ ಲೇಖಕರನ್ನೇ ಹುಡುಕಿ ಓದಿದರೆ ಈ ಅಭ್ಯಾಸವು ಇನ್ನೂ ಬೇಗ ಫಲಿಸುತ್ತದೆ.