ಕ್ಯಾಶ್‌ಬುಕ್ಕಿನಲ್ಲಿ ದಾಸೋಹ

ಸರ್ಕಾರಿ ಪ್ರೌಢಶಾಲೆಗೆ ಬರುವ ಹಣ ಯಾರದು? 12ನೇ ಶತಮಾನದ ಶರಣರ ದಾಸೋಹದ ಕಣ್ಣಲ್ಲಿ ನೋಡಿದರೆ ಅದು ಸಮಾಜದ್ದು. ಕೈಯಲ್ಲಿ ಹಿಡಿದವರು ಬರೀ ಕಾವಲುಗಾರರು.

2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆ ಮಕ್ಕಳ ಸಂಖ್ಯೆ ನೋಡಿ ವರ್ಷದ ಅನುದಾನ ನಿಗದಿ ಮಾಡಿತು: 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ. ಕನಿಷ್ಠ ಶೇ. 10 ಸ್ವಚ್ಛತೆಗೆ. ಕರೆಂಟ್ ಬಿಲ್ಲು, ಲ್ಯಾಬಿನ ಸಾಮಾನು, ಸಣ್ಣಪುಟ್ಟ ರಿಪೇರಿಗೂ ಇದೇ ಗಂಟು.

ಹಣ ಜೂನ್‌ನಲ್ಲೇ ಕೈಸೇರಿದರೆ ಲ್ಯಾಬಿನ ಬಾಗಿಲು ತೆರೆಯುತ್ತದೆ. ಮಾರ್ಚ್‌ನಲ್ಲಿ ಬಂದರೆ 31ರೊಳಗೆ ಖರ್ಚು ತೋರಿಸುವ ಧಾವಂತ. ಹೊಸ ಬೀಕರುಗಳು ಇನ್ನೂ ಡಬ್ಬದಲ್ಲೇ ಇರುವಾಗ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆಗೆ ಹೊರಟಿರುತ್ತಾರೆ. ಓಚರು ಸರಿ, ಆಡಿಟ್ ಸರಿ.

ಯಾರೂ ಕದಿಯದೆಯೇ ಪೋಲಾದ ಈ ಹಣದ ಪಾಪ ಯಾರ ತಲೆಗೆ? ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೆಡ್‌ಮಾಸ್ಟರು ಕ್ಯಾಶ್‌ಬುಕ್ ಓದುವಾಗ ಹಿಂದಿನ ಬೆಂಚಿನ ತಾಯಿಯೊಬ್ಬಳು ಕೇಳಬಹುದಾದ ಪ್ರಶ್ನೆ ಇದು.