ಚಾಚು ಎಂದಿದೆ, ಮಡಚು ಎಂದಿಲ್ಲ

ಏಪ್ರಿಲ್‌ನಲ್ಲಿ ಶಾಲೆಗಳು ಮುಚ್ಚಿ ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಂದೇ ಗಾದೆ ಕೇಳಿಬರುತ್ತದೆ. ಮಕ್ಕಳು ‘ಈ ಸಲ ಎಲ್ಲಿಗೆ ಹೋಗೋದು?’ ಎನ್ನುತ್ತಾರೆ. ದೊಡ್ಡವರು ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣಪ್ಪ’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಒಳ್ಳೆಯ ಗಾದೆ ಇಷ್ಟು ಸಲೀಸಾಗಿ ಮಕ್ಕಳ ಬಾಯಿ ಮುಚ್ಚಿಸಲು ಬಳಕೆಯಾಗುವುದು ಸರಿಯಲ್ಲ.

ಗಾದೆಯನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಬೇಕು. ಕಾಲು ಮಡಚು ಎಂದು ಅದರಲ್ಲಿ ಇಲ್ಲವೇ ಇಲ್ಲ. ಚಾಚು ಎಂದಿದೆ. ಎಲ್ಲಿಯವರೆಗೆ? ಹಾಸಿಗೆ ಇರುವವರೆಗೆ. ಹಾಸಿಗೆಯ ಆಚೆ ಕಾಲು ಹಾಕಿ ಚಳಿಗೆ ನಡುಗುವವನು ಗಾದೆಯನ್ನು ಮೀರಿದ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಹಾಸಿಗೆ ಖಾಲಿ ಬಿಟ್ಟು ಮೂಲೆಯಲ್ಲಿ ಮುದುರಿಕೊಂಡವನೂ ಅಷ್ಟೇ ಮೀರಿದ್ದಾನೆ. ಅವನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬೇರೆ ಅರ್ಥಗಳೂ ಚಾಲ್ತಿಯಲ್ಲಿವೆ. ಇದು ಬರೀ ಮಿತವ್ಯಯದ ಪಾಠ ಎನ್ನುವುದು ಶಾಲೆಯ ಗಾದೆ ವಿಸ್ತರಣೆಗೆ ಸಾಕು, ಬದುಕಿಗೆ ಸಾಲದು. ಇರುವಲ್ಲೇ ತೃಪ್ತಿಪಟ್ಟುಕೊಂಡಿರು ಎಂಬ ಅರ್ಥ ಬೇಕಿದ್ದರೆ ಅದಕ್ಕೆ ‘ಬಡವಾ ನೀ ಮಡಗ್ದಂಗಿರು’ ಎಂಬ ಬೇರೆ ಮಾತೇ ಇದೆ. ಇನ್ನು ಕಂತಿನ ಮೇಲೆ ಪ್ರವಾಸ ಮಾರುವವರು ಸಾಲ ಮಾಡಿ ಹಾಸಿಗೆಯನ್ನೇ ಉದ್ದ ಮಾಡಿಕೊಳ್ಳಿ ಎನ್ನುತ್ತಾರೆ. ‘ಇದ್ದಷ್ಟು’ ಎಂದಾಗ ಬ್ಯಾಂಕಿನದು ಲೆಕ್ಕಕ್ಕೆ ಬರುವುದಿಲ್ಲ.

ಹೊಳೆನರಸೀಪುರದಲ್ಲಿರುವ ಒಬ್ಬ ತಾಯಿ ಈ ಗಾದೆಯನ್ನು ಬಹಳ ಯೋಚಿಸಿದ್ದಾರೆ. ಅವರು ಅರಕಲಗೂಡು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. 2025-26ರ ರಾಜ್ಯ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರೌಢಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,500 ಆಯಿತು. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಶೈಕ್ಷಣಿಕ ವರ್ಷ ಮುಗಿದರೆ ಬಿಡುಗಡೆ, ಜೂನ್‌ನಲ್ಲಿ ಮತ್ತೆ ಅರ್ಜಿ. ನಡುವೆ ಆ ಹುದ್ದೆಗೆ ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಜಾಗವೇ ಇಲ್ಲ. ಹೀಗಾಗಿ ಮಕ್ಕಳಿಗೆ ರಜೆ ಸಿಗುವ ತಿಂಗಳುಗಳಲ್ಲೇ ಈ ತಾಯಿಯ ಕೈ ಖಾಲಿ. ಗಂಡ ಹಾಸನದ ಸಿದ್ಧ ಉಡುಪು ಘಟಕವೊಂದರಲ್ಲಿ ಸೂಪರ್‌ವೈಸರ್. ಭಾರತದ ಸಿದ್ಧ ಉಡುಪು ಮತ್ತಿತರ ಸರಕಿನ ಮೇಲೆ ಅಮೆರಿಕ 2025ರ ಆಗಸ್ಟ್ 27ರಿಂದ ಶೇ 50ರಷ್ಟು ಸುಂಕ ಹೇರಿದಾಗ, ಮುಂದೆ ಹೇಗೆ ಎನ್ನುವುದೇ ಈ ಮನೆಯ ಊಟದ ಹೊತ್ತಿನ ಮಾತಾಗಿತ್ತು. ಬೆಂಗಳೂರಿಗೆ ಹೋಗಿ ಐಟಿ ಸೇರಿದವರದ್ದು ಭದ್ರ ಬದುಕು ಎಂಬ ನಂಬಿಕೆ ಊರಿನಲ್ಲಿತ್ತು. ಟಿಸಿಎಸ್‌ನಂಥ ಕಂಪನಿಯೇ ಅದೇ ವರ್ಷದ ಜುಲೈನಲ್ಲಿ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿದ ಮೇಲೆ ಆ ನಂಬಿಕೆಯೂ ಸಡಿಲವಾಯಿತು.

ಇಂಥ ಹೊತ್ತಿನಲ್ಲಿ ಪ್ರವಾಸವೇ? ಕೆಲಸ ಒಂದು ನೆಲೆಗೆ ಬರಲಿ, ಆಮೇಲೆ ನೋಡೋಣ ಎಂದು ಅತ್ತೆ ಹೇಳಿದರು. ಆ ಮಾತಿನಲ್ಲಿ ಕಾಳಜಿ ಇದೆ. ಆದರೆ ಈ ಸೀಮೆಯಲ್ಲಿ ಆದಾಯ ನೆಲೆಗೆ ಬಂದ ಕಾಲ ಯಾವುದು? ಅರಕಲಗೂಡಿನ ಹೊಗೆಸೊಪ್ಪಿನವರು ರಾಮನಾಥಪುರದ ಹರಾಜಿನ ದರ ಕೂಗುವವರೆಗೂ ಉಸಿರು ಬಿಗಿಹಿಡಿದೇ ಇರುತ್ತಾರೆ. ಹಾಸನದ ಆಲೂಗಡ್ಡೆಗೆ ಅಂಗಮಾರಿ, ಶುಂಠಿಗೆ ಕೊಳೆರೋಗ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿಯ ಬೆಲೆ ಒಂದು ವರ್ಷ ಇದ್ದಂತೆ ಮತ್ತೊಂದು ವರ್ಷ ಇರುವುದಿಲ್ಲ. ಫಸಲು ಕೈಕೊಟ್ಟ ವರ್ಷವೂ ಈ ಜನ ಸುಬ್ರಹ್ಮಣ್ಯನ ಜಾತ್ರೆಗೆ ರಾಮನಾಥಪುರಕ್ಕೆ ಹೋಗಿದ್ದಾರೆ, ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತಿದ್ದಾರೆ. ಹಣವಿದ್ದ ವರ್ಷ ಗಾಡಿ ಮಾಡಿಕೊಂಡು, ಇಲ್ಲದ ವರ್ಷ ಬುತ್ತಿ ಕಟ್ಟಿಕೊಂಡು. ಈ ಗಾದೆಯನ್ನು ಆಡುತ್ತಾ ಬಂದವರು ಅದನ್ನು ಬಳಸಿದ್ದು ಹೀಗೆ. ಗಾದೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಾಸಿಗೆ ಎಂದರೆ ಹಣ ಒಂದೇ ಎಂದು ತಿಳಿದದ್ದರಿಂದಲೇ ಇಷ್ಟೆಲ್ಲ ಗೊಂದಲ. ತಂದೆತಾಯಿಗೆ ಇನ್ನೊಂದು ಹಾಸಿಗೆ ಇದೆ: ಮಕ್ಕಳು ಮನೆಯಲ್ಲಿರುವ ವರ್ಷಗಳು. ಹಣ ಇಂದು ಇಲ್ಲದಿದ್ದರೆ ನಾಳೆ ಬರಬಹುದು. ವರ್ಷಗಳು ಕಡಿಮೆಯಾಗುತ್ತಲೇ ಹೋಗುತ್ತವೆ.

ಈ ಮನೆಯ ಮಗಳು ಒಂಬತ್ತನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ. ಅಂಕ ಕಡಿಮೆ ಬಂತೆಂದು ಎರಡನೆಯದಕ್ಕೆ ಕೂತರೆ ಬೇಸಿಗೆಯೂ ಓದಿನಲ್ಲೇ ಕಳೆಯುತ್ತದೆ. ಆಮೇಲೆ ಪಿಯುಸಿ, ಸಿಇಟಿ, ಹಾಸ್ಟೆಲು. ಮಗ ಐದನೇ ತರಗತಿ, ನವೋದಯ ಪರೀಕ್ಷೆಗೆ ಓದುತ್ತಿದ್ದಾನೆ. ಜಿಲ್ಲೆಯ ನವೋದಯ ವಿದ್ಯಾಲಯ ಇರುವುದು ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲೇ, ಮನೆಗೆ ಹತ್ತಿರ. ಆದರೆ ಅದು ವಸತಿ ಶಾಲೆ. ಆಯ್ಕೆಯಾದರೆ ಆರನೇ ತರಗತಿಯಿಂದಲೇ ಅವನು ಮನೆಯಲ್ಲಿರುವುದು ರಜೆಯ ದಿನಗಳಲ್ಲಷ್ಟೇ. ಅವನು ಆಯ್ಕೆಯಾಗಲಿ ಎಂದು ಹರಕೆ ಹೊತ್ತವರೂ ಈ ತಾಯಿಯೇ. ‘ಆಮೇಲೆ ನೋಡೋಣ’ ಎಂದರೆ ಯಾವ ಆಮೇಲೆ ಎಂದು ಅವರು ಗಂಡನನ್ನು ಕೇಳಿದಾಗ ಆತನ ಬಳಿ ಉತ್ತರವಿರಲಿಲ್ಲ.

2025ರ ಅಕ್ಟೋಬರ್‌ನಲ್ಲಿ, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ಮುಂದುವರಿಸಿದರು. ಆ ದಿನಗಳನ್ನು ಈ ಕುಟುಂಬ ಪೂರ್ತಿಯಾಗಿ ಬಳಸಿಕೊಂಡಿತು. ಮೊದಲು ತಾಯಿ ಮಕ್ಕಳನ್ನು ಕೂರಿಸಿಕೊಂಡು ಮನೆಯ ಲೆಕ್ಕ ಹೇಳಿದರು: ಬರುವುದು ಎಷ್ಟು, ಬಾಡಿಗೆ ಎಷ್ಟು, ಚೀಟಿ ಹಣ ಎಷ್ಟು, ಉಳಿಯುವುದು ಎಷ್ಟು. ಇದನ್ನು ಮಕ್ಕಳೆದುರು ಹೇಳಬಾರದು ಎನ್ನುವವರು ಹಲವರಿದ್ದಾರೆ. ಹಾಸಿಗೆ ಎಷ್ಟು ಉದ್ದವಿದೆ ಎಂದು ಗೊತ್ತಿಲ್ಲದ ಮಕ್ಕಳು ಎಲ್ಲಿಯವರೆಗೆ ಕಾಲು ಚಾಚಬೇಕೆಂದು ತಿಳಿಯುವುದಾದರೂ ಹೇಗೆ? ಊಟಿಗೆ ಹೋಗಿಬಂದ ಗೆಳತಿಯರ ಫೋಟೊ ನೋಡಿ ಮುಖ ಸಪ್ಪೆ ಮಾಡಿದ್ದ ಮಗಳೇ ಕೊನೆಗೆ ಹಾಳೆ ಪೆನ್ನು ಹಿಡಿದು ಎಲ್ಲಿಗೆ, ಯಾವ ಬಸ್ಸಿಗೆ ಎಂದು ಬರೆಯಲು ಕೂತಳು.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ತಾಯಿ ಮಗಳಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ; ಅಪ್ಪ ಮಗನದ್ದು ಮಾತ್ರ. ಯೋಜನೆಯನ್ನು ಬಿಟ್ಟಿ ಭಾಗ್ಯ ಎಂದು ಹಳಿಯುವವರು ಇಂಥ ಮನೆಯ ರಜೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಒಂದು ದಿನ ರಾಮನಾಥಪುರ: ಕಾವೇರಿ, ಹಿಡಿಯದಂತೆ ನಿಷೇಧವಿರುವ ಮೀನುಗಳು, ಅವುಗಳಿಗೆ ಹಾಕಲು ಪುರಿ. ಇನ್ನೊಂದು ದಿನ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಮಗ ಎಲ್ಲರಿಗಿಂತ ಮೊದಲು ಹತ್ತಿದ. ಹತ್ತನೇ ಶತಮಾನದಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟನ ಪಾದದ ಬಳಿ ನಿಂತು, ಇಷ್ಟು ದೊಡ್ಡ ಕಲ್ಲನ್ನು ಮೇಲಕ್ಕೆ ತಂದದ್ದು ಹೇಗೆ ಎಂದು ಕೇಳಿದ. ತರಲಿಲ್ಲ, ಬೆಟ್ಟದ ಬಂಡೆಯನ್ನೇ ಕಡೆದರು ಎಂದು ಹೇಳುವ ಅವಕಾಶ ಅಪ್ಪನಿಗೆ ಸಿಕ್ಕಿತು. ಮತ್ತೊಂದು ದಿನ ನುಗ್ಗೇಹಳ್ಳಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯಲ್ಲಿ ಬೇಲೂರು, ಹಳೇಬೀಡಿನ ನೂಕುನುಗ್ಗಲಿಲ್ಲ. ಮಕ್ಕಳು ಗೋಡೆಯ ಒಂದೊಂದೇ ವಿಗ್ರಹದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ‘ಬರೀ ದೇವಸ್ಥಾನ’ ಎಂದು ಗೊಣಗಿದ್ದ ಮಗಳು ಅಲ್ಲಿಂದ ಹೊರಡಲು ಎಲ್ಲರಿಗಿಂತ ತಡಮಾಡಿದಳು.

ಹಾಗೆಂದು ಹಣದ ಹಾಸಿಗೆಯನ್ನು ಹೀಗೇ ಗಿಡ್ಡವಾಗಿ ಇಟ್ಟಿರಬೇಕೆಂದಲ್ಲ. ಗಾದೆ ಮಲಗುವವನಿಗೆ ಹೇಳಿದ ಮಾತು; ಹಾಸಿಗೆಯನ್ನು ಕತ್ತರಿಸಿ ಕೊಡುವವನಿಗೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕಾಯಂ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲೂ ಸಂಬಳ ಬರುತ್ತದೆ. ಅದೇ ತರಗತಿಗೆ ಅದೇ ಪಾಠ ಮಾಡಿದ ಅತಿಥಿ ಶಿಕ್ಷಕರಿಗೆ ಬರುವುದಿಲ್ಲ. ಗೌರವಧನ ಏರಿಸಿದ ಸರ್ಕಾರ ಅದನ್ನು ಏಪ್ರಿಲ್, ಮೇ ತಿಂಗಳುಗಳಿಗೂ ಕೊಡಲಿ. ಒಮ್ಮೆ ತೆಗೆದುಕೊಂಡವರನ್ನು ಪ್ರತಿ ಜೂನ್‌ನಲ್ಲೂ ಹೊಸಬರಂತೆ ಅರ್ಜಿ ಹಿಡಿದು ನಿಲ್ಲಿಸುವುದನ್ನು ಶಿಕ್ಷಣ ಇಲಾಖೆ ಕೈಬಿಡಲಿ. ಹಾಗೆಯೇ ಶಾಲೆಗಳ ಮುಖ್ಯಸ್ಥರು, ಒಂಬತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಸ್ಪೆಷಲ್ ಕ್ಲಾಸಿಗೆ ಕರೆಯುವ ಮೊದಲು, ಆ ಬೇಸಿಗೆಯ ಒಂದು ತಿಂಗಳನ್ನಾದರೂ ಅವರ ಅಪ್ಪ ಅಮ್ಮಂದಿರಿಗೆ ಬಿಟ್ಟುಕೊಡಲಿ.